ಕೂತ ಸದ್ದು

ಡೊಮಿನಿಕ್ ಸರ್ ತಮ್ಮ ವಿಡಿಯೊಗಳನ್ನು ಕಣ್ಣು ಮುಚ್ಚಿಕೊಂಡು ಪರೀಕ್ಷಿಸುತ್ತಿದ್ದರು. ಲಿಂಗರಾಜಪುರದ ಅವರ ಮನೆಯ ಹಿಂದಿನ ಕೋಣೆಯಲ್ಲಿ ಟಿವಿ ಮೂಕವಾಗಿ ಓಡುತ್ತಿರುತ್ತಿತ್ತು. ಪಕ್ಕದ ಟೇಪ್ ರೆಕಾರ್ಡರ್‌ನಲ್ಲಿ ಬೇರೆಲ್ಲಿಯದೋ ಸದ್ದು. ಕಣ್ಣು ಮುಚ್ಚಿ ಕೇಳಿ, ಥಟ್ಟನೆ ತೆರೆದು ನೋಡುವರು. ಹೊಂದಿದರೆ ತೊಡೆ ತಟ್ಟಿ, "ಕೂತ್ಕೊಳ್ತು ಮಾ!" ಎನ್ನುವರು. ಹೊಂದದಿದ್ದರೆ ಆ ಸದ್ದು ತಂದವರ ಮುಖವನ್ನೂ ನೋಡುತ್ತಿರಲಿಲ್ಲ.

ಕಾಲೇಜು ಮುಗಿಸಿದ ಮೇಲೆ ನಾನು ಅವರ ಬಳಿ ಧ್ವನಿ ಜೋಡಣೆ ಕಲಿಯಲು ಹೋಗುತ್ತಿದ್ದೆ. "ಕಣ್ಣಿಗೆ ಕಂಡಿದ್ದನ್ನೇ ಕಿವಿಗೂ ಹಾಕಿದ್ರೆ ಅದು ನ್ಯೂಸ್ ಮಾ," ಎನ್ನುತ್ತಿದ್ದರು. ರೈಲ್ವೆ ಗೇಟಿನ ಚಿತ್ರಕ್ಕೆ ರೊಟ್ಟಿ ತಟ್ಟುವ ಸದ್ದು; ಹಲಸೂರು ಕೆರೆಯ ನೀರಿಗೆ ಹೊಲಿಗೆ ಯಂತ್ರ. ಹೇಳಿದಾಗ ನಗು ಬರುತ್ತಿತ್ತು, ನೋಡಿದಾಗ ಹೌದೆನಿಸುತ್ತಿತ್ತು. ಸದ್ದನ್ನು ಕಿವಿಗೊಟ್ಟು ಕೇಳಲು ನಾನು ಕಲಿತದ್ದು ಅವರಿಂದಲೇ. ಅದನ್ನು ಅಲ್ಲಗಳೆಯಲಾರೆ.

ಆ ವರ್ಷ ಅವರು ಶಿವಾಜಿನಗರದ ಬಟ್ಟೆ ಅಂಗಡಿಗಳ ಬೊಂಬೆಗಳನ್ನಿಟ್ಟುಕೊಂಡು ಕತೆಯಿಲ್ಲದ ಪುಟ್ಟ ವಿಡಿಯೊ ಮಾಡುತ್ತಿದ್ದರು. ಅಡುಗೆಮನೆಯ ಸದ್ದು ಬೇಕೆಂದರು. ರಾಮಮೂರ್ತಿ ನಗರದ ನಮ್ಮ ಮನೆಯಲ್ಲಿ ನಾನೇ ರೆಕಾರ್ಡ್ ಮಾಡಿದ್ದ ಕ್ಯಾಸೆಟ್ ಕೊಟ್ಟೆ. ಒಂದು ಬದಿಯಲ್ಲಿ ಕುಕ್ಕರ್, ಗ್ರೈಂಡರ್. ಇನ್ನೊಂದು ಬದಿಯಲ್ಲಿ ಅಮ್ಮ. ಲಕ್ವ ಹೊಡೆದು ಮಾತು ಹೋಗಿದ್ದ ಅಮ್ಮ, ಡಾಕ್ಟರು ಹೇಳಿಕೊಟ್ಟ ಪದಗಳನ್ನು ದಿನವೂ ಅಭ್ಯಾಸ ಮಾಡುತ್ತಿದ್ದಳು: ಹಾಲು, ಬಾಗಿಲು, ಕೊನೆಗೆ ನನ್ನ ಹೆಸರು. ಆ ಹೆಸರನ್ನು ಅವಳು ಪೂರ್ತಿ ಹೇಳಿದ್ದು ಆ ಕ್ಯಾಸೆಟ್‌ನಲ್ಲಿ ಮಾತ್ರ.

"ಸರ್, ಬಿ ಸೈಡ್ ಅಮ್ಮಂದು. ಅದನ್ನ ಮುಟ್ಬೇಡಿ."

"ಛೇ, ನನಗ್ಯಾಕ್ ಮಾ ಅದು?"

ಕಂಟೋನ್ಮೆಂಟಿನ ಸಣ್ಣ ಸಭಾಂಗಣದಲ್ಲಿ ಪ್ರದರ್ಶನ. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ತೆರೆಯ ಮೇಲೆ ಅಂಗಡಿಯವನೊಬ್ಬ ಕೈಯಿಲ್ಲದ ಬೊಂಬೆಯ ಸೀರೆ ಬಿಚ್ಚುತ್ತಿದ್ದ. "ಬಾ... ಬಾ... ಬಾಗ್..." ಎಂದಿತು ಅಮ್ಮನ ದನಿ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಯಾರ್ ಮಗಾ ಇದು, ಸಖತ್ ಮಿಮಿಕ್ರಿ!" ಅಮ್ಮ ತಿರುಗಿ ನೋಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಮುಟ್ಬೇಡಿ ಅಂದಿದ್ನಲ್ಲ ಸರ್," ಎಂದೆ, ಹೊರಗೆ ಬಂದಾಗ.

"ಏನ್ ಮಾಡ್ಲಿ, ಕೂತ್ಕೊಳ್ತು ಮಾ. ಕೂತಿದ್ದನ್ನ ಎಬ್ಬಿಸೋಕಾಗುತ್ತಾ?" ಆಮೇಲೆ ಅಮ್ಮನಿಗೆ ಕೈಮುಗಿದರು. "ಅಮ್ಮಾ, ಇವತ್ತು ನೀವೇ ಹೀರೋಯಿನ್ನು!"

ಮರುದಿನ ಅಮ್ಮ ಅಭ್ಯಾಸಕ್ಕೆ ಕೂರಲಿಲ್ಲ. ಕ್ಯಾಸೆಟ್ ವಾಪಸು ಬಂದಾಗ ಅದನ್ನು ತೋರಿಸಿ, ಒರೆಸುವಂತೆ ಕೈ ಆಡಿಸಿದಳು: ಅಳಿಸು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅಳಿಸಿ ಮುಗಿಯುವವರೆಗೂ ಪಕ್ಕದಲ್ಲೇ ಕುಳಿತಿದ್ದಳು. ಮತ್ತೆಂದೂ ಮಾತಿಗೆ ಪ್ರಯತ್ನಿಸಲಿಲ್ಲ.

ಅವಳು ತೀರಿಕೊಂಡ ಮೇಲೆ ಸರ್ ಫೋನ್ ಮಾಡಿ ಕೃಷ್ಣರಾಜಪುರ ಸ್ಟೇಷನ್ನಿಗೆ ಬರಹೇಳಿದರು. ಮನೆ ಖಾಲಿ ಮಾಡಿ ಚೆನ್ನೈಗೆ ಹೊರಟಿದ್ದರು. ಆ ಬೊಂಬೆ ವಿಡಿಯೊದ ಸಿ.ಡಿ.ಯೊಂದನ್ನು ಕೈಗಿಟ್ಟು, "ಅಮ್ಮನ ವಾಯ್ಸ್ ಇದ್ರಲ್ಲಾದ್ರೂ ಇದೆ ಮಾ. ಇಟ್ಕೋ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ತಪ್ಪಾಯಿತು ಎನ್ನಲಿಲ್ಲ. ಆಮೇಲೆ ಅವರನ್ನು ನಾನು ನೋಡಿಲ್ಲ.

ಆ ಸಿ.ಡಿ. ಹಾಕಿದಾಗಲೆಲ್ಲ, ಅವರು ಕಲಿಸಿದಂತೆ ಕಣ್ಣು ಮುಚ್ಚಿಕೊಳ್ಳುತ್ತೇನೆ. ಹಾಲು ಬರುತ್ತದೆ, ಬಾಗಿಲು ಬರುತ್ತದೆ. ನನ್ನ ಹೆಸರು ಅರ್ಧ ಬರುತ್ತದೆ. ಅಷ್ಟರಲ್ಲಿ ಬೊಂಬೆಯ ದೃಶ್ಯ ಮುಗಿಯುವುದರಿಂದ ಸರ್ ಅಲ್ಲಿಗೇ ಕತ್ತರಿಸಿದ್ದಾರೆ.

ಸರಿಯಾಗಿ ಕೂತಿದೆ.