ಅಕ್ಕ ಕಾಯುವ ಗೇಟು

ಆ ಪ್ರಾಥಮಿಕ ಶಾಲೆಯ ಗೇಟಿನ ಪಕ್ಕದ ಪುಟ್ಟ ಕೋಣೆಯಲ್ಲಿ ಕೂರುವ ಹೆಂಗಸನ್ನು ಎಲ್ಲರೂ ಸಹಿಯಕ್ಕ ಅಂತಲೇ ಕರೆಯುವುದು. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತದೆ. ಯಾರೇ ಬರಲಿ, ಕಿಟಕಿಯೊಳಗಿಂದ ಬರುವುದು ಒಂದೇ ಮಾತು: "ಮೊದಲು ಸಹಿ, ಆಮೇಲೆ ಸುದ್ದಿ." ಸಹಿ ಹಾಕಿ, ಗುರುತಿನ ಚೀಟಿ ತೋರಿಸಿ, ಕೆಂಪು ದಾರದ 'ಸಂದರ್ಶಕ' ಬಿಲ್ಲೆ ಕೊರಳಿಗೆ ಹಾಕಿಕೊಂಡರೆ ಉಂಟು, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ. ನಲ್ಲಿ ರಿಪೇರಿಯವನು ಬಂದರೆ, ಮಕ್ಕಳೆಲ್ಲ ತರಗತಿ ಸೇರುವವರೆಗೆ ಬೆಂಚಿನ ಮೇಲೆ ಕಾಯಬೇಕು. ಆಮೇಲೂ ಜೊತೆಗೊಬ್ಬ ಆಯಾ.

"ನೀರು ಸೋರ್ತಿದೆ ಅಂತ ನೀವೇ ಅಲ್ವಾ ಫೋನ್ ಮಾಡಿದ್ದು?" ಅಂತ ಅವನು ಗೊಣಗಿದರೆ, "ಸೋರಲಿ ಬಿಡಪ್ಪ, ನೀರು ತಾನೇ" ಅನ್ನುತ್ತಾಳೆ. ಒಮ್ಮೆ ಹೆಡ್‌ಮೇಡಂ ಗಂಡ ಊಟದ ಡಬ್ಬಿ ತಂದವರು, ಗುರುತಿನ ಚೀಟಿ ಮನೆಯಲ್ಲೇ ಉಳಿಯಿತು ಅಂದರು. ಡಬ್ಬಿ ಒಳಗೆ ಹೋಯಿತು, ಅವರು ಹೊರಗೇ ಉಳಿದರು.

ಇಂಥವಳಿಗೂ ಒಬ್ಬ ತಮ್ಮನಿದ್ದ. ತಾಯಿ ಬೇಗ ತೀರಿಕೊಂಡ ಮನೆ. ಅವನನ್ನು ಸೊಂಟದ ಮೇಲೆ ಹೊತ್ತು, ತುತ್ತು ಮಾಡಿ ತಿನ್ನಿಸಿ ಬೆಳೆಸಿದವಳು ಇವಳೇ. ಅವನ ಮಗಳು ಇದೇ ಶಾಲೆಯಲ್ಲಿ ಎರಡನೇ ಕ್ಲಾಸು. ಗಂಡ ಹೆಂಡತಿಗೆ ಹೊಂದಲಿಲ್ಲ, ಬೇರೆಯಾದರು. ಭಾನುವಾರ ಮಗು ಅಪ್ಪನ ಹತ್ತಿರ, ಉಳಿದ ದಿನ ಅಮ್ಮನ ಹತ್ತಿರ ಅಂತ ಕೋರ್ಟು ಹೇಳಿತು. ಶಾಲೆಯಿಂದ ಕರೆದುಕೊಂಡು ಹೋಗಬೇಕಾದವಳು ಅಮ್ಮ ಒಬ್ಬಳೇ ಅಂತ ಹೆಡ್‌ಮೇಡಂ ಸಹಿಯಕ್ಕನಿಗೆ ಬಾಯಿಬಿಟ್ಟು ಹೇಳಿದ್ದರು.

ವಾರದ ನಡುವೆ ಒಂದು ಮಧ್ಯಾಹ್ನ ತಮ್ಮ ಬಂದ. ಹೇಳುವ ಮುಂಚೆಯೇ ಸಹಿ ಹಾಕಿದ, ಬಿಲ್ಲೆ ಕೊರಳಿಗೆ ಹಾಕಿಕೊಂಡು ನಕ್ಕ.

"ಇವತ್ತು ರಜ ಸಿಕ್ತು ಅಕ್ಕ. ಮಗೂನ ಕರ್ಕೊಂಡು ಹೋಗಿ ಬೂಟು ಕೊಡಿಸ್ತೀನಿ. ಸಂಜೆಯೊಳಗೆ ಅವಳಮ್ಮನ ಮನೆಗೆ ಬಿಡ್ತೀನಿ."

"ಅವಳಮ್ಮನ್ನ ಕೇಳ್ತೀನಿ ಇರು."

ಫೋನು ಮಾಡಿದಳು. ಆ ಕಡೆ ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ.

"ಆಗಲ್ಲ ಕಣೋ."

"ನಾನೇನು ಮಕ್ಕಳ ಕಳ್ಳನಾ? ಅವಳಪ್ಪ ಅಕ್ಕ, ಅಪ್ಪ!"

"ಕಳ್ಳ ಅಂತ ಯಾರೋ ಅಂದ್ರು? ಭಾನುವಾರ ಕರ್ಕೊಂಡು ಹೋಗು, ಬೂಟೆಲ್ಲಿಗೂ ಓಡಿಹೋಗಲ್ಲ."

ಅಷ್ಟರಲ್ಲಿ ಆಟದ ಬೆಲ್ಲು ಹೊಡೆಯಿತು. ಮೈದಾನದ ಆಚೆಯಿಂದ ಮಗು ಅಪ್ಪನನ್ನು ಕಂಡು ಎರಡೂ ಕೈ ಬೀಸಿತು. ಅವನು ಗೇಟಿಗೆ ಕೈ ಹಾಕಿದ. ಸಹಿಯಕ್ಕ ಎದ್ದು ಬಂದು ಅಡ್ಡ ನಿಂತಳು. ಅತ್ತ ದರಿ, ಇತ್ತ ಪುಲಿ. ನಿಯಮ ಮಾಡುವವರಿಗೇನು, ಮಾಡಿ ಮನೆಗೆ ಹೋಗುತ್ತಾರೆ. ತಾನೇ ಎತ್ತಿ ಆಡಿಸಿದವನ ಮುಖ ನೋಡಿಕೊಂಡು ಇಲ್ಲ ಅನ್ನುವವರ ಸಂಕಟ ಅವರಿಗೆಲ್ಲಿ ಗೊತ್ತಾಗಬೇಕು? ಆದರೂ ಅವಳು ಕದಲಲಿಲ್ಲ.

"ಇವತ್ತಿಗೆ ನನಗೆ ಅಕ್ಕ ಇಲ್ಲ ಅಂದ್ಕೊಳ್ತೀನಿ" ಅಂದವನೇ ತಮ್ಮ ತಿರುಗಿ ಹೊರಟುಹೋದ.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ನೋಡಿದರೆ ಬಿಲ್ಲೆಗಳನ್ನು ತೂಗುಹಾಕುವ ಗೋಡೆಯ ಒಂದು ಮೊಳೆ ಖಾಲಿ. ತಮ್ಮ ಬಿಲ್ಲೆ ಸಮೇತ ಹೋಗಿದ್ದ, ಅವಳೂ ಕೇಳಿರಲಿಲ್ಲ. ಹೊರಗೆ ಹೋದ ಬಿಲ್ಲೆ ಯಾರ ಕೊರಳಿಗಾದರೂ ಬೀಳಬಹುದು, ಅದನ್ನು ತೊಟ್ಟು ಯಾರಾದರೂ ಮಕ್ಕಳ ನಡುವೆ ಓಡಾಡಬಹುದು. ಇಷ್ಟು ವರ್ಷಕ್ಕೆ ಮೊದಲ ಸಲ ತಪ್ಪಿದ್ದಳು. ಹೆಡ್‌ಮೇಡಂಗೆ ಇದ್ದದ್ದು ಇದ್ದ ಹಾಗೆ ಹೇಳಿ, ನೇರ ತಮ್ಮನ ಮನೆಗೆ ನಡೆದಳು.

ಹೊಲಿಗೆ ಅಂಗಡಿಯ ಮೇಲಿನ ಒಂಟಿ ಕೋಣೆ. ಬಾಗಿಲು ತೆರೆದ ತಮ್ಮನ ಕೊರಳಲ್ಲಿ ಬಿಲ್ಲೆ ಹಾಗೇ ನೇತಾಡುತ್ತಿತ್ತು. ಮಹರಾಯ ಅದನ್ನು ಹಾಕಿಕೊಂಡೇ ಬಸ್ಸು ಹತ್ತಿ, ಅರ್ಧ ಊರು ಸುತ್ತಿ ಬಂದಿದ್ದ.

"ಇದಕ್ಕೋಸ್ಕರ ಬಂದ್ಯಾ?" ಅಂದ, ದಾರ ತೆಗೆಯುತ್ತ.

"ಇದಕ್ಕೂ ಬಂದೆ. ಮಧ್ಯಾಹ್ನ ಊಟ ಮಾಡಿದ್ಯೋ ಇಲ್ವೋ?"

ಅವಳು ಬಿಲ್ಲೆಯನ್ನು ಚೀಲಕ್ಕೆ ಹಾಕಿ, ಕೇಳದೆಯೇ ಒಳಗೆ ಹೋಗಿ ಒಲೆ ಹಚ್ಚಿ ಚಹಾಕ್ಕಿಟ್ಟಳು. ಇಬ್ಬರೂ ಲೋಟ ಹಿಡಿದು ಮಂಚದ ಎರಡು ತುದಿಗೆ ಕೂತರು. ತಮ್ಮನ ಮುಖ ಇನ್ನೂ ಊದಿಕೊಂಡೇ ಇತ್ತು. ನೆಲ ನೋಡುತ್ತ ಕೇಳಿದ.

"ನಾನು ಹೋದ ಮೇಲೆ ಅತ್ತಳಾ?"

"ಸ್ವಲ್ಪ ಅತ್ತಳು. ಆಮೇಲೆ ಆಡೋಕೆ ಹೋದಳು."

ಅವನು ಲೋಟ ಕೆಳಗಿಟ್ಟು ಮೆಲ್ಲಗೆ, "ವಾರವೆಲ್ಲ ನಾನು ಇರಲ್ಲ ಅಕ್ಕ, ಅವಳ ಹತ್ರ. ಯಾರೋ ಗೊತ್ತಿಲ್ಲದೋನು ಬಂದು, ನಾನು ಚಿಕ್ಕಪ್ಪ, ಕಳಿಸಿ ಅಂತ ಕೇಳಿದ್ರೆ?" ಅಂದ.

"ನಿನ್ನನ್ನೇ ಬಿಡಲಿಲ್ಲ ಕಣೋ. ಇನ್ಯಾರನ್ನ ಬಿಡ್ತೀನಿ?"

ತಮ್ಮ ತಲೆ ಎತ್ತಿ ಅವಳನ್ನೇ ನೋಡಿದ. ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳಲೂ ಇಲ್ಲ.

"ಭಾನುವಾರ ಬೂಟು ತರೋಕೆ ನೀನೂ ಬಾ ಅಕ್ಕ" ಅಂದ.