ಕೊನೆಯ ಮೆಟ್ಟಿಲಿನ ಎರಡು ಇಂಚು

ಆ ಪ್ರೋಗ್ರಾಂ ಕಂಡ ಮೊದಲ ದಿನವೇ ನನಗೆ ಮೈಯೆಲ್ಲ ಉರಿದುಹೋಯಿತು. ಶಹಾಬಾದದ ಒಬ್ಬ ಇಂಜಿನಿಯರ್ ಸಾಹೇಬರ ಆಫೀಸಿನಲ್ಲಿ ಕಂಪ್ಯೂಟರಿನ ಮೇಲೆ ಮನೆ ನಕ್ಷೆ ಬರೆಯುವುದು ನನ್ನ ಕೆಲಸ. ಒಂದು ಮೆಟ್ಟಿಲ ನಕ್ಷೆಗೆ ಗೆರೆ ಗೆರೆ ಎಳೆಯುತ್ತ ಅರ್ಧ ದಿನ ಕೂರುತ್ತಿದ್ದೆ. ಸಾಹೇಬರು ತರಿಸಿದ ಈ ಪೀಡೆಗೆ ಅಂತಸ್ತಿನ ಎತ್ತರ ಕೊಟ್ಟರೆ ಸಾಕು, ಮೆಟ್ಟಿಲು, ಕಬ್ಬಿಣ, ಅಳತೆ ಎಲ್ಲ ತಾನೇ ಬರೆದುಕೊಳ್ಳುತ್ತಿತ್ತು.

"ಚಾ ಕುಡಿಯೂದ್ರಾಗ ಆಗಿಬಿಡ್ತು ನೋಡ್ರಿ" ಎಂದು ಸಾಹೇಬರು ಬಂದವರಿಗೆಲ್ಲ ತೋರಿಸುತ್ತಿದ್ದರು. ಪಕ್ಕದಲ್ಲೇ ಕೂತ ನನ್ನ ಕಡೆ ಒಬ್ಬರೂ ನೋಡುತ್ತಿರಲಿಲ್ಲ.

ಆದರೆ ಅದಕ್ಕೆ ನಮ್ಮ ಕಡೆಯ ಮನೆ ಗೊತ್ತಿರಲಿಲ್ಲ. ಇಲ್ಲಿ ನೆಲಕ್ಕೆ ಪರಸಿ ಕಲ್ಲು ಹಾಸುತ್ತೇವೆ. ಕೆಳಗಿನ ಗಾರೆ ಸೇರಿ ಮೂರೂವರೆ ಇಂಚು ಏರುತ್ತದೆ. ಮೆಟ್ಟಿಲಿಗೆ ಹಾಕುವ ಕಲ್ಲು ತೆಳು, ಎಲ್ಲ ಸೇರಿ ಒಂದೂವರೆ ಇಂಚು. ಕಾಂಕ್ರೀಟಿನಲ್ಲಿ ಎಲ್ಲ ಮೆಟ್ಟಿಲು ಸಮ ಹಾಕಿದರೆ, ಕಲ್ಲು ಕೂತ ಮೇಲೆ ಮೊದಲನೆಯದು ಎರಡು ಇಂಚು ತಗ್ಗುತ್ತದೆ, ಕೊನೆಯದು ಎರಡು ಇಂಚು ಏರುತ್ತದೆ. ಅದಕ್ಕೇ ನಾನು ಮೊದಲು ಕಲ್ಲಿನ ದಪ್ಪ ಕೇಳಿ ಆಮೇಲೆ ಗೆರೆ ಎಳೆಯುತ್ತಿದ್ದೆ. ಪ್ರೋಗ್ರಾಂ ನೆಲ, ಮೆಟ್ಟಿಲು ಎರಡಕ್ಕೂ ಒಂದೇ ದಪ್ಪ ಹಿಡಿಯುತ್ತಿತ್ತು.

ಭಂಕೂರದಿಂದ ಹೊಲಿಗೆ ಕಲಿಸುವ ಅಕ್ಕೋರೊಬ್ಬರು ನಕ್ಷೆಗೆ ಬಂದರು. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲು ಸೋತಿತ್ತು. ಮಹಡಿಯ ಮೇಲೆ ಹೊಲಿಗೆ ಕ್ಲಾಸಿಗೆಂದು ತಮ್ಮದೇ ಒಂದು ಕೋಣೆ ಬೇಕಿತ್ತು ಅವರಿಗೆ.

"ಮೆಟ್ಟಿಲ ಪಾವಟಗಿ ಗಿಡ್ಡ ಇರ್ಲಿ ಅಣ್ಣಾರ. ಆರು ಇಂಚಿನ ಮ್ಯಾಲ ಈ ಕಾಲು ಏಳಂಗಿಲ್ಲ."

"ನಾ ನೋಡ್ಕೋತೀನ್ರಿ" ಎಂದೆ.

ಸಾಹೇಬರು ಅದನ್ನೂ ಪ್ರೋಗ್ರಾಮಿಗೇ ಕೊಟ್ಟರು. ಪ್ರಿಂಟ್ ನನ್ನ ಕೈಗೆ ಬಂದ ಕೂಡಲೇ ತಪ್ಪು ಕಂಡಿತು: ಅಕ್ಕೋರ ಆರು ಇಂಚು ಕೊನೆಯ ಮೆಟ್ಟಿಲಿನಲ್ಲಿ ಎಂಟಾಗುತ್ತದೆ. ನಾನು ಬಾಯಿ ಬಿಡಲಿಲ್ಲ. ಒಂದು ಮನೆ ಕೆಡಲಿ, ಸಾಹೇಬರ ಸೊಕ್ಕು ಇಳಿಯಲಿ ಎಂದುಕೊಂಡೆ. ಮನೆ ಕಟ್ಟುವ ಗೌಂಡಿ ಹೇಗೂ ಸರಿ ಮಾಡಿಕೊಳ್ಳುತ್ತಾನೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ನನ್ನ ನಕ್ಷೆಯನ್ನು ಅವನು ಎಂದೂ ಪೂರಾ ನಂಬಿದವನಲ್ಲ. ಪ್ರತಿ ಸಲ ಟೇಪು ಹಿಡಿದು ಜಗಳಕ್ಕೇ ಬರುತ್ತಿದ್ದ.

ಈ ಸಲ ಬರಲಿಲ್ಲ. ಆಮೇಲೆ ಕೇಳಿದರೆ, "ಕಂಪ್ಯೂಟರೇ ಲೆಕ್ಕ ಹಾಕ್ಯಾದ ಅಂತ ಸಾಹೇಬ್ರು ಅಂದ್ರು. ಅದರ ಮುಂದ ನಾ ಏನ್ ಮಾತಾಡ್ಲಿ?" ಎಂದ.

ಮನೆ ಮುಗಿದ ಮೇಲೆ ಅಕ್ಕೋರು ಕರೆಸಿದರು. ಸಾಹೇಬರನ್ನಲ್ಲ, ನನ್ನನ್ನು. ಒಳಗೊಳಗೇ ಖುಷಿಪಡುತ್ತ ಹೋದೆ. ಅವರು ನನ್ನ ಮುಂದೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಕೊನೆಯದಕ್ಕೆ ಕಾಲು ಏಳಲಿಲ್ಲ. ಹಿಂದೆ ತಿರುಗಿ, ಮೇಲಿನ ನೆಲದ ಅಂಚಿಗೆ ಕೂತು, ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಮೇಲಿಟ್ಟುಕೊಂಡರು. ಕ್ಲಾಸಿಗೆ ಬಂದಿದ್ದ ಹೆಂಗಸರು ಕಂಡೂ ಕಾಣದ ಹಾಗೆ ಮುಖ ಆಚೆ ಮಾಡಿದರು.

"ಆ ಹಾಳ್ ಮಷಿನಿಗಿ ಏನ್ ಗೊತ್ರಿ? ನೀವ್ ಮಾಡಿದ್ರ ಹಿಂಗ ಆಗ್ತಿದ್ದಿಲ್ಲ" ಎಂದರು ಅಕ್ಕೋರು.

ಇಷ್ಟು ದಿನ ನಾನು ಯಾರ ಬಾಯಿಂದಲಾದರೂ ಕೇಳಬೇಕೆಂದು ಕಾದಿದ್ದ ಮಾತು. ಕೇಳಿದ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ತಪ್ಪು ನಂಗ ಮೊದ್ಲೇ ಕಂಡಿತ್ರಿ ಅಕ್ಕೋರೆ. ಹೇಳ್ಲಿಲ್ಲ."

"ಯಾಕ?"

"ಸಾಹೇಬ್ರಿಗಿ ಬುದ್ಧಿ ಬರ್ಲಿ ಅಂತ."

ಅವರು ಎಡಗಾಲಿನ ಮೇಲೆ ಸೀರೆ ಎಳೆದುಕೊಂಡರು. ನಾನು ಮೂರು ಮೆಟ್ಟಿಲು ಕೆಳಗೆ ನಿಂತಿದ್ದೆ.

"ಗೌಂಡಿನ್ನ ಕರ್ಕೊಂಡ್ ಬರ್ತೀನ್ರಿ, ಒಡದು ಸರಿ ಮಾಡಸ್ತೀನಿ" ಎಂದೆ.

"ನೀವ್ ಇನ್ನ ಈ ಮನಿಗಿ ಕೈ ಹಚ್ಚಬ್ಯಾಡ್ರಿ. ಹೋಗ್ರಿ. ಇಳಿಯೂದೂ ನಾ ಕುಂತೇ ಇಳೀಬೇಕು. ಅದನ್ನ ನೀವ್ ನೋಡೂದ್ ಬ್ಯಾಡ."