ಕಡ್ಡಿಯಂಥ ಹುಡುಗಿಗೆ ದೊಡ್ಡ ಪಾಟ್ಟು

ತಮಿಳುನಾಡಿನ ಮೆಟ್ಟೂರಿನ ನಮ್ಮ ಶಾಲೆಯ ಜಿಮ್ನಾಸ್ಟಿಕ್ಸ್ ಟೀಚರ್ ಫ್ಲೋರ್ ಪ್ರದರ್ಶನಕ್ಕೆ ಸಂಗೀತ ಆರಿಸುತ್ತಿದ್ದುದು ಬೆರಳುಗಳಿಂದ. ಫೋನಿನಲ್ಲಿ ಪಿಟೀಲುಗಳ ದಂಡೇ ಮೊರೆಯುವಾಗ ಅವರ ಎರಡು ಬೆರಳು ಮೇಜಿನ ಮೇಲೆ ಓಡಿ, ನಗಾರಿಯ ಪೆಟ್ಟು ಬಿದ್ದಾಗ ಲಾಗ ಹೊಡೆದು, ಮೂಲೆಗೆ ಬಂದು, ಕಾಲು ಸೇರಿಸಿದಂತೆ ಜೋಡಿಯಾಗಿ ನಿಲ್ಲುತ್ತಿದ್ದವು. "ಇಲ್ಲಿ ಉಸ್ರಿಗೆ ಜಾಗ ಐತಾ?" ಎನ್ನುವರು. ಇಲ್ಲದಿದ್ದರೆ ಆ ಸಂಗೀತ, ಅವರ ಮಾತಿನಲ್ಲಿ 'ಪಾಟ್ಟು', ಬೇಡ.

"ಕಡ್ಡಿಯಂಥ ಉಡುಗೀಗೆ ಯುದ್ಧದ ಮ್ಯೂಸಿಕ್ ಯಾಕೆ ಟೀಚರ್? ಕೊಳಲು ಸಾಲ್ದಾ?" ಚರ್ಚಾಸ್ಪರ್ಧೆಗೆ ಅದೇ ಕೋಣೆಯಲ್ಲಿ ತಯಾರಾಗುತ್ತಿದ್ದ ನಾನು ವಾದಕ್ಕಿಳಿಯುತ್ತಿದ್ದೆ.

"ವಾದ ಮಾಡಕ್ಕೆ ಟಿವಿ ಪಟ್ಟಿಮನ್ರಕ್ಕೆ ಓಗ್ಲಾ. ಮೈ ಕಡ್ಡಿ, ಅದ್ಕೇ ಪಾಟ್ಟು ದೊಡ್ಡದು."

ಅವರಿಗೆ ಉಳಿದಿದ್ದ ಶಿಷ್ಯೆ ಪಕ್ಕದೂರು ನಂಗವಳ್ಳಿಯ ಆ ಕಡ್ಡಿಯಂಥ ಹುಡುಗಿ ಒಬ್ಬಳೇ. ಸ್ಪರ್ಧೆಗೆ ಸ್ವಲ್ಪ ಮುಂಚೆ ಅವಳಪ್ಪ ಬಂದು, "ಸಾಕು ಟೀಚರ್, ಪ್ಲಸ್ ಟೂ ಐತೆ, ಓದ್ಲಿ" ಎಂದು ಕರೆದೊಯ್ದರು. ಟೀಚರ್ ಮಾತ್ರ ಅವಳ ಹೆಸರು ಹಿಂತೆಗೆಯಲಿಲ್ಲ. ಅವಳು ಬರುತ್ತಾಳೆ ಎನ್ನಲು ಆಧಾರವೇನು ಎಂದು ಕೇಳಿದೆ. ಅವರ ಎರಡು ಬೆರಳು ಮತ್ತೆ ಮೇಜಿನ ಮೇಲೆ ಓಡತೊಡಗಿದವು.

ಸ್ಪರ್ಧೆ ನಡೆದ ಸೇಲಂಗೆ ನಾನೂ ಹೋಗಿದ್ದೆ. ಅವಳ ಹೆಸರು ಕೂಗಿದರು, ಯಾರೂ ಬರಲಿಲ್ಲ. ಅಷ್ಟರಲ್ಲಿ ಸಂಗೀತ ಶುರುವಾಗಿಬಿಟ್ಟಿತ್ತು. ಮೈಕಿನವನು ನಿಲ್ಲಿಸಲು ಹೊರಟ.

"ಇರಪ್ಪಾ, ಮುಗೀಲಿ," ಎಂದರು ಟೀಚರ್.

ಖಾಲಿ ಮ್ಯಾಟನ್ನೇ ನೋಡುತ್ತ ನಿಂತರು. ಕೊನೆಯ ಪೆಟ್ಟು ಬಿದ್ದಾಗ, ಪಕ್ಕದಲ್ಲಿದ್ದ ನನಗಷ್ಟೇ ಕೇಳುವಂತೆ, ಮ್ಯಾಟಿಗೆ ಹೇಳಿದರು: "ಕಾಲು ಸೇರ್ಸು ಮಗಾ."